ಮಾಂಸ ವಿಜ್ಞಾನದ ಮೇಷ್ಟ್ರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಶುವೈದ್ಯಕೀಯ ಕಾಲೇಜಿನಲ್ಲಿ ಮಾಂಸ ವಿಜ್ಞಾನ ಪಾಠ ಮಾಡುವುದು, ಅದರಲ್ಲೇ ಸಂಶೋಧನೆ ಮಾಡುವುದು ನನ್ನ ಕೆಲಸ. ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ, ಮಟನ್ ಅಂಗಡಿಯವರು, ಮದುವೆ ಮನೆಯಲ್ಲಿ ಪಕ್ಕ ಕೂತ ನೆಂಟರು, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ಕೇಳಿದವರಿಗೆಲ್ಲ ಕಳಿಸಬಹುದು ಅಂತ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಸರ್, ನೀವು ಪಾಠ ಮಾಡುವುದು ಏನು? ಮಟನ್ ಕತ್ತರಿಸುವುದಾ, ಅಡುಗೆಯಾ?

ಎರಡೂ ಸ್ವಲ್ಪ ಸ್ವಲ್ಪ ಇದೆ, ಆದರೆ ಅಷ್ಟೇ ಅಲ್ಲ. ನಮ್ಮ ವಿಭಾಗದ ಪೂರ್ತಿ ಹೆಸರು ಜಾನುವಾರು ಉತ್ಪನ್ನಗಳ ತಂತ್ರಜ್ಞಾನ ವಿಭಾಗ. ವಿದ್ಯಾರ್ಥಿಗಳ ಬಾಯಲ್ಲಿ ಸುಮ್ನೆ ಎಲ್‌ಪಿಟಿ. ಹಾಲು, ಮಾಂಸ, ಮೊಟ್ಟೆ, ಉಣ್ಣೆ, ಚರ್ಮ ಎಲ್ಲ ಇದರೊಳಗೆ ಬರುತ್ತದೆ. ನನ್ನ ಪಾಲು ಮಾಂಸ.

ಪ್ರಾಣಿಯನ್ನು ಲಾರಿಯಿಂದ ಇಳಿಸಿದ ಹೊತ್ತಿನಿಂದ ತಟ್ಟೆಗೆ ಬರುವ ತನಕ ಆ ಸ್ನಾಯುವಿನ ಒಳಗೆ ಏನೇನಾಗುತ್ತದೆ ಅನ್ನುವುದು ನಮ್ಮ ಪಾಠ. ಅದರಲ್ಲಿ ಜೀವರಸಾಯನ ಇದೆ, ಸೂಕ್ಷ್ಮಜೀವಿಗಳಿವೆ, ಶೈತ್ಯೀಕರಣ ಇದೆ, ಪ್ಯಾಕಿಂಗ್ ಇದೆ, ಕಾನೂನು ಇದೆ. ರಕ್ತ, ಮೂಳೆ, ಕರುಳು, ಚರ್ಮ ಇವುಗಳನ್ನು ಚರಂಡಿಗೆ ಬಿಡದೆ ಏನು ಮಾಡಬಹುದು ಅನ್ನುವುದೂ ಇದೆ. ರೋಗದ ತಪಾಸಣೆ, ಅಂದರೆ ಈಲಿಯಲ್ಲಿ (ಲಿವರ್) ಹುಳ ಇದೆಯಾ, ಶ್ವಾಸಕೋಶದಲ್ಲಿ ನೀರುಗುಳ್ಳೆ ಇದೆಯಾ ಅಂತ ನೋಡುವುದು, ಪಕ್ಕದ ಸಾರ್ವಜನಿಕ ಆರೋಗ್ಯ ವಿಭಾಗದವರ ಜೊತೆ ಹಂಚಿಕೊಂಡ ಕೆಲಸ.

ಪ್ರಾಣ ಉಳಿಸಬೇಕಾದ ಪಶುವೈದ್ಯರು ಕಸಾಯಿಖಾನೆಗೆ ಯಾಕೆ ಹೋಗಬೇಕು?

ಇದನ್ನು ಕೆಲವರು ಬೇಜಾರಿನಿಂದ ಕೇಳುತ್ತಾರೆ. ಬೇಜಾರಾಗುವುದು ಸಹಜ, ಆದ್ದರಿಂದ ನಾನು ಪೂರ್ತಿ ಉತ್ತರ ಕೊಡುತ್ತೇನೆ.

ನಾವು ಹೋಗದಿದ್ದರೂ ಕುರಿ ಕಡಿಯುವುದು ನಿಲ್ಲುವುದಿಲ್ಲ. ನಾವು ಹೋದರೆ ಆ ಪ್ರಾಣಿಯ ಕೊನೆಯ ಗಂಟೆಗಳು ಬದಲಾಗುತ್ತವೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಬಂದ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕು. ಒಬ್ಬ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಜಾಸ್ತಿ ಪ್ರಾಣಿಗಳನ್ನು ಪರೀಕ್ಷೆ ಮಾಡುವಂತಿಲ್ಲ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯುವಂತಿಲ್ಲ. ಕಾಗದದ ಮೇಲೆ ಇಷ್ಟು ಚೆನ್ನಾಗಿರುವುದು ನೆಲದ ಮೇಲೆ ನಡೆಯಬೇಕಾದರೆ, ಅಲ್ಲಿ ಪ್ರಾಣಿಯ ಬಗ್ಗೆ ಓದಿದವರು ಒಬ್ಬರು ನಿಂತಿರಲೇಬೇಕು ಅಲ್ವಾ?

ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಟೆಂಪಲ್ ಗ್ರ್ಯಾಂಡಿನ್ ಅವರ ಬಗ್ಗೆ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಅವರಿಗೆ ಆಟಿಸಂ ಇದೆ. ದನಗಳು ಕಸಾಯಿಖಾನೆಯ ಒಳಗೆ ಸಾಗಿಸುವ ಓಣಿಯಲ್ಲಿ ಯಾಕೆ ತಟ್ಟನೆ ನಿಂತುಬಿಡುತ್ತವೆ ಅಂತ ಅವರು ದನದ ಕಣ್ಣಿನ ಎತ್ತರದಿಂದಲೇ ನೋಡಿದರು. ನೆಲದ ಮೇಲೆ ಬಿದ್ದ ನೆರಳು, ತೂಗಾಡುವ ಸರಪಳಿ, ಜಾರುವ ನೆಲ, ಬೇಲಿಗೆ ನೇತುಹಾಕಿದ ಒಂದು ಅಂಗಿ, ಇಷ್ಟೇ ಸಾಕಾಗಿತ್ತು ಅವು ಗಾಬರಿಯಾಗಲು. ಇವನ್ನು ಸರಿ ಮಾಡಿದರೆ ಹೊಡೆಯುವುದೂ ಬೇಡ, ಎಳೆಯುವುದೂ ಬೇಡ. ಅವರು ರೂಪಿಸಿದ ಓಣಿಗಳು, ಹಿಡಿದು ನಿಲ್ಲಿಸುವ ವ್ಯವಸ್ಥೆಗಳು ಅಮೆರಿಕದ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಹೋದವು. ಒಬ್ಬ ಪ್ರಾಧ್ಯಾಪಕಿ ಮೂಕಪ್ರಾಣಿಗಳಿಗೆ ಇದಕ್ಕಿಂತ ಹೆಚ್ಚು ಏನು ಮಾಡಿಯಾರು?

ಇನ್ನೊಂದು ಮಾತು. ಹೆದರಿದ, ಹಸಿದ, ದಣಿದ ಪ್ರಾಣಿಯ ಮಾಂಸ ಕೆಡುತ್ತದೆ. ಸ್ನಾಯುವಿನಲ್ಲಿದ್ದ ಗ್ಲೈಕೋಜನ್, ಅಂದರೆ ಶಕ್ತಿಗಾಗಿ ಕೂಡಿಟ್ಟ ಸಕ್ಕರೆಯ ರೂಪ, ಮೊದಲೇ ಖರ್ಚಾಗಿ ಹೋಗಿರುತ್ತದೆ, ಆಮೇಲೆ ಆಮ್ಲ ಹುಟ್ಟುವುದಿಲ್ಲ, ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದ ಹಾಗೆ ಕಾಣುತ್ತದೆ, ಬೇಗ ಹಾಳೂ ಆಗುತ್ತದೆ. ದಯೆ ಮತ್ತು ಗುಣಮಟ್ಟ ಇಲ್ಲಿ ಒಂದೇ ದಾರಿಯಲ್ಲಿ ಹೋಗುತ್ತವೆ. ವ್ಯಾಪಾರಿಗೆ ನಾನು ಎರಡನೆಯದನ್ನು ಹೇಳಿ ಮೊದಲನೆಯದನ್ನು ಮಾಡಿಸುತ್ತೇನೆ.

ಈ ಕೆಲಸಕ್ಕೆ ಬರಬೇಕಾದರೆ ಏನು ಓದಬೇಕು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಆಮೇಲೆ ಪಶುವೈದ್ಯ ಪದವಿ, ಅಂದರೆ ಬಿ.ವಿ.ಎಸ್ಸಿ. ಮತ್ತು ಎ.ಎಚ್., ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಕರ್ನಾಟಕದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಕಾಲೇಜುಗಳಿವೆ. ಹೆಬ್ಬಾಳದ್ದು ಎಲ್ಲಕ್ಕಿಂತ ಹಳೆಯದು, 1958ರಲ್ಲಿ ಶುರುವಾಯಿತು. ಸೀಟು ಹಂಚುವ ನಿಯಮ ಬದಲಾಗುತ್ತಾ ಇರುತ್ತದೆ, ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಡಿಗ್ರಿ ಆದ ಮೇಲೆ ಎಲ್‌ಪಿಟಿಯಲ್ಲಿ ಎಂ.ವಿ.ಎಸ್ಸಿ. ಎರಡು ವರ್ಷ. ಅದರ ಮೇಲೆ ಪಿಎಚ್‌ಡಿ, ಮೂರು ವರ್ಷ ಅಂತ ಹೇಳುತ್ತಾರೆ, ಸಾಮಾನ್ಯವಾಗಿ ಜಾಸ್ತಿ ಹಿಡಿಯುತ್ತದೆ. ಬರೇಲಿ ಹತ್ತಿರದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಈ ವಿಷಯಕ್ಕೆ ದೇಶದಲ್ಲೇ ದೊಡ್ಡ ಜಾಗ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಫೆಲೋಶಿಪ್ ಸಿಕ್ಕಿದರೆ ಅಪ್ಪನ ಹತ್ತಿರ ದುಡ್ಡು ಕೇಳದೆ ಓದಬಹುದು. ನಮ್ಮ ಹಳ್ಳಿಗಳಿಂದ ಬಂದ ಎಷ್ಟೋ ಮಕ್ಕಳು ಹಾಗೆಯೇ ಓದಿದ್ದಾರೆ.

ಪಶುವೈದ್ಯಕೀಯ ಸೀಟು ಸಿಗಲಿಲ್ಲ ಅಂದರೂ ಬಾಗಿಲು ಮುಚ್ಚಿಲ್ಲ. ಆಹಾರ ತಂತ್ರಜ್ಞಾನ ಓದಿ ಮಾಂಸದ ಕಡೆ ಬಂದವರಿದ್ದಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ಮಾಂಸ ಮತ್ತು ಮೀನಿನ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಅದೇ ಊರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್, 1961ರಿಂದ ಸೈನಿಕರಿಗೆ ಆಹಾರ ರೂಪಿಸುತ್ತಿದೆ. ಫ್ರಿಜ್ ಇಲ್ಲದ ಗಡಿಯಲ್ಲಿ ಪ್ಯಾಕೆಟ್ ಹರಿದು ಬಿಸಿ ಮಾಡಿದರೆ ಮಾಂಸದೂಟ ಸಿದ್ಧ. ಪದರ ಪದರದ ಪೊಟ್ಟಣದಲ್ಲಿ ಮುಚ್ಚಿ, ಸುಮಾರು 121 ಡಿಗ್ರಿಯಲ್ಲಿ ಒತ್ತಡದಲ್ಲಿ ಬೇಯಿಸುವ ವಿಧಾನ ಅದು. ಇಂಥದ್ದೆಲ್ಲ ನಮ್ಮ ಮೈಸೂರಿನಲ್ಲೇ ಇದೆ ಅಂತ ಬಹಳ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಸಂಬಳ? ಬಡ್ತಿ?

ಸಹಾಯಕ ಪ್ರಾಧ್ಯಾಪಕರಾಗಿ ಸೇರಿದರೆ ಯುಜಿಸಿಯ 7ನೇ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ, ಅದರ ಮೇಲೆ ಭತ್ಯೆ. ನಂತರ ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ. ನಿಜವಾದ ಕಷ್ಟ ಸಂಬಳದಲ್ಲಿಲ್ಲ, ಖಾಲಿ ಹುದ್ದೆಗೆ ಅರ್ಜಿ ಕರೆಯುವುದು ತಡವಾಗುವುದರಲ್ಲಿದೆ. ಕಾಯುವ ಕಾಲದಲ್ಲಿ ಕೋಳಿ ಕಂಪನಿಗಳು, ರಫ್ತು ಘಟಕಗಳು, ಆಹಾರ ಸುರಕ್ಷತಾ ಲ್ಯಾಬ್‌ಗಳಲ್ಲಿ ಕೆಲಸ ಇದೆ. ಅಲ್ಲಿ ಕೆಲಸ ಮಾಡಿ ಬಂದವರು ಪಾಠ ಇನ್ನೂ ಚೆನ್ನಾಗಿ ಮಾಡುತ್ತಾರೆ.

ಮೊದಲ ಕ್ಲಾಸಿನಲ್ಲಿ ಏನು ಹೇಳಿಕೊಡುತ್ತೀರಿ?

ಸ್ನಾಯು ಮಾಂಸ ಆಗುವುದು ಹೇಗೆ ಅಂತ. ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇದು. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ.

ಪ್ರಾಣಿ ಸತ್ತ ಕ್ಷಣಕ್ಕೆ ಸ್ನಾಯು ಸಾಯುವುದಿಲ್ಲ. ರಕ್ತ ನಿಂತಿದೆ, ಆಮ್ಲಜನಕ ಬರುತ್ತಿಲ್ಲ, ಆದರೂ ಜೀವಕೋಶ ಬದುಕಲು ನೋಡುತ್ತದೆ. ತನ್ನಲ್ಲಿದ್ದ ಗ್ಲೈಕೋಜನ್ ಒಡೆದು ಶಕ್ತಿ ಮಾಡಿಕೊಳ್ಳುತ್ತದೆ. ಆ ಕೆಲಸದಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಹೀಗಾಗಿ 7ರ ಆಸುಪಾಸಿನಲ್ಲಿದ್ದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ನಿಧಾನವಾಗಿ 5.5ರ ಹತ್ತಿರಕ್ಕೆ ಇಳಿಯುತ್ತದೆ. ಗ್ಲೈಕೋಜನ್ ಮುಗಿದಾಗ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣು ಕೂಡ ಮುಗಿಯುತ್ತದೆ. ಆಕ್ಟಿನ್, ಮಯೋಸಿನ್ ಅನ್ನುವ ಎರಡು ಪ್ರೋಟೀನ್ ಎಳೆಗಳು, ಎರಡು ಬಾಚಣಿಗೆಯ ಹಲ್ಲು ಒಂದರೊಳಗೊಂದು ಸಿಕ್ಕಿಕೊಂಡ ಹಾಗೆ, ಬಿಡಿಸಿಕೊಳ್ಳಲಾಗದೆ ನಿಂತುಬಿಡುತ್ತವೆ. ಬಿಡಿಸಲು ಎಟಿಪಿ ಬೇಕು, ಅದೇ ಇಲ್ಲ. ಮೈ ಸೆಟೆದುಕೊಳ್ಳುವುದು ಇದರಿಂದಲೇ. ಕೋಳಿಯಲ್ಲಿ ಇದು ಬಹಳ ಬೇಗ ಆಗುತ್ತದೆ, ಕುರಿ ಮೇಕೆಯಲ್ಲಿ ಕೆಲವು ಗಂಟೆ, ದೊಡ್ಡ ಪ್ರಾಣಿಯಲ್ಲಿ ಇನ್ನೂ ತಡ.

ಆಮೇಲೆ ಸೆಟೆತ ಸಡಿಲುತ್ತದೆ. ಸ್ನಾಯುವಿನೊಳಗೇ ಇರುವ ಕ್ಯಾಲ್ಪೇನ್ ಎಂಬ ಕಿಣ್ವಗಳು ಎಳೆಗಳ ಚೌಕಟ್ಟನ್ನು ಅಲ್ಲಲ್ಲಿ ಕತ್ತರಿಸುತ್ತವೆ, ಮಾಂಸ ಮೆತ್ತಗಾಗುತ್ತದೆ.

1940ರ ದಶಕದಲ್ಲಿ ಕೇಂಬ್ರಿಜ್‌ನ ಒಂದು ಶೈತ್ಯ ಸಂಶೋಧನಾ ಕೇಂದ್ರದಲ್ಲಿ ಬೇಟ್–ಸ್ಮಿತ್ ಮತ್ತು ಬೆಂಡಾಲ್ ಅನ್ನುವವರು ಸೆಟೆತಕ್ಕೂ ಎಟಿಪಿಗೂ ಇರುವ ಸಂಬಂಧ ಬಿಡಿಸಿಟ್ಟರು. ಅಲ್ಲೇ ಕೆಲಸ ಮಾಡಿದ್ದ ರಾಲ್ಸ್ಟನ್ ಲಾರಿ ಮುಂದೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1966ರಲ್ಲಿ ಅವರು ಬರೆದ ಪಠ್ಯಪುಸ್ತಕ ಜಗತ್ತಿನ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳ ಕೈಯಲ್ಲಿ ಸವೆದಿದೆ. 1977ರಲ್ಲಿ ಶುರುವಾದ ಈ ವಿಷಯದ ಮುಖ್ಯ ಸಂಶೋಧನಾ ಪತ್ರಿಕೆಗೆ ಮೊದಲ ಸಂಪಾದಕರೂ ಅವರೇ. ಮಾಂಸದಂಗಡಿಯ ವಿಷಯ ಅಂತ ಜನ ಪಕ್ಕಕ್ಕೆ ತಳ್ಳಿದ್ದನ್ನು ವಿಶ್ವವಿದ್ಯಾಲಯದ ವಿಜ್ಞಾನವಾಗಿ ನಿಲ್ಲಿಸಿದವರಲ್ಲಿ ಅವರು ಮುಖ್ಯರು. ಒಬ್ಬ ಮೇಷ್ಟ್ರ ವೃತ್ತಿ ಜೀವನ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಾನು ಕೊಡುವ ಉದಾಹರಣೆ ಅವರದ್ದು.

ಬಿಸಿ ಮಾಂಸ ಒಳ್ಳೆಯದಾ, ಫ್ರಿಜ್‌ನಲ್ಲಿಟ್ಟದ್ದಾ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಯುಗಾದಿ ಮುಗಿದು ಹೊಸತೊಡಕು ಹತ್ತಿರ ಬಂದರೆ ಫೋನ್ ಬಿಡುವುದೇ ಇಲ್ಲ.

ನಮ್ಮ ಮಂಡ್ಯ, ರಾಮನಗರ, ಮೈಸೂರು ಕಡೆ ಹೊಸತೊಡಕಿಗೆ ಗುಡ್ಡೆ ಮಾಂಸ ಹಾಕುತ್ತಾರೆ. ಹತ್ತಾರು ಮನೆಯವರು ಸೇರಿ ಮರಿ ತಂದು, ಬೆಳಗ್ಗೆ ಕಡಿದು, ಎಲ್ಲ ಭಾಗವೂ ಎಲ್ಲರಿಗೂ ಬರುವ ಹಾಗೆ ಸಮ ಸಮ ಗುಡ್ಡೆ ಮಾಡಿ ಹಂಚಿಕೊಳ್ಳುತ್ತಾರೆ. ಮಾಂಸ ಒಂದೆರಡು ಗಂಟೆಯಲ್ಲಿ ಒಲೆಯ ಮೇಲಿರುತ್ತದೆ. ಅದು ರುಚಿಯಾಗಿಯೇ ಇರುತ್ತದೆ, ಅದಕ್ಕೆ ಕಾರಣವೂ ಇದೆ. ಮರಿ ಎಳೆಯದು. ಸೆಟೆಯುವ ಮೊದಲಿನ ಮಾಂಸದ ಪಿಎಚ್ ಇನ್ನೂ ಮೇಲಿರುತ್ತದೆ, ಅದು ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮತ್ತೆ ನಮ್ಮ ಸಾರು ಗಂಟೆಗಟ್ಟಲೆ ಕುದಿಯುತ್ತದೆ, ಅಷ್ಟರಲ್ಲಿ ಮೂಳೆಗೆ ಅಂಟಿದ ಕೊಲಾಜೆನ್ ಅನ್ನುವ ಗಟ್ಟಿ ಪ್ರೋಟೀನ್ ಕರಗಿ ಜೆಲಾಟಿನ್ ಆಗಿ ಸಾರಿಗೆ ಬರುತ್ತದೆ. ಕಾಲು ಸೂಪು ಕೈಗೆ ಅಂಟುವುದು ಅದರಿಂದಲೇ. ಹಾಗಾಗಿ ಬೇಗ ಬೇಯಿಸುವುದಾದರೆ ಬಿಸಿ ಮಾಂಸದ ಮೇಲೆ ನನ್ನ ಆಕ್ಷೇಪಣೆ ಇಲ್ಲ.

ತೊಂದರೆ ಇರುವುದು ನಡುವಿನ ಹೊತ್ತಿನಲ್ಲಿ. ಬೆಳಗ್ಗೆ 6ಕ್ಕೆ ಕಡಿದದ್ದು ಮಧ್ಯಾಹ್ನದ ತನಕ ಅಂಗಡಿ ಮುಂದೆ ಬಿಸಿಲಲ್ಲಿ ತೂಗಾಡುತ್ತಿರುತ್ತದೆ. ಆಗ ಅದು ಪೂರ್ತಿ ಸೆಟೆದಿರುತ್ತದೆ, ಮೇಲಿನಿಂದ ನೊಣ, ಧೂಳು. 30 ಡಿಗ್ರಿ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಗ್ರಾಹಕರು ಅದನ್ನೇ ತಾಜಾ ಅಂತ ತರುತ್ತಾರೆ. ಅದೇ ಮಾಂಸವನ್ನು ಶುದ್ಧವಾದ ಜಾಗದಲ್ಲಿ ತಣ್ಣಗೆ ಮಾಡಿ, 4 ಡಿಗ್ರಿಯೊಳಗೆ ಒಂದು ರಾತ್ರಿ ಇಟ್ಟು ಮಾರಿದರೆ ಹಳೆಯದು ಅಂತ ಮೂಗು ಮುರಿಯುತ್ತಾರೆ. ಎರಡನೆಯದು ಹೆಚ್ಚು ಸುರಕ್ಷಿತ, ಹೆಚ್ಚು ಮೆತ್ತಗೆ. ಈ ಒಂದು ಮಾತು ಜನರಿಗೆ ತಲುಪಿದರೆ ಸಾಕು ಅಂತ ಎಷ್ಟೋ ಸಲ ಅನ್ನಿಸಿದೆ ನನಗೆ.

ಮನೆಯವರಿಗೆ ಒಂದು ಸಲಹೆ. ಬಿಸಿ ಮಾಂಸ ತಂದ ತಕ್ಷಣ ಫ್ರೀಜರ್‌ಗೆ ತುರುಕಬೇಡಿ. ಸೆಟೆಯುವ ಮೊದಲೇ ಹೆಪ್ಪುಗಟ್ಟಿದರೆ, ಕರಗುವಾಗ ಅದು ಒಂದೇ ಸಲ ಮುದುಡುತ್ತದೆ, ನೀರು ಬಿಡುತ್ತದೆ, ಬೆಂದ ಮೇಲೆ ರಬ್ಬರ್ ಆಗುತ್ತದೆ. ಮೊದಲು ಫ್ರಿಜ್‌ನ ಕೆಳಗಿನ ಅರೆಯಲ್ಲಿ ಒಂದು ರಾತ್ರಿ ಇಡಿ. ನಂತರ ಬೇಕಾದರೆ ಫ್ರೀಜರ್. ಕೋಳಿಗೆ ನಾಲ್ಕೈದು ಗಂಟೆ ಸಾಕು.

ನ್ಯೂಜಿಲೆಂಡ್ ಇಡೀ ದೇಶವಾಗಿ ಇದೇ ಸಮಸ್ಯೆಗೆ ಸಿಕ್ಕಿತ್ತು. ಅಲ್ಲಿಂದ ಸಾಗರ ದಾಟಿ ಹೋಗುತ್ತಿದ್ದ ಕುರಿಮರಿ ಮಾಂಸವನ್ನು ಬೇಗ ಬೇಗ ಹೆಪ್ಪುಗಟ್ಟಿಸುತ್ತಿದ್ದರು, ಅದು ಗಟ್ಟಿಯಾಗಿದೆ ಅಂತ ದೂರು ಬರುತ್ತಿತ್ತು. 1963ರಲ್ಲಿ ಅಲ್ಲಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ ಕಾರಣ ತೋರಿಸಿಕೊಟ್ಟರು. ಸೆಟೆಯುವ ಮೊದಲು ವಿಪರೀತ ತಣ್ಣಗಾದರೆ ಸ್ನಾಯು ಸಂಕುಚಿತವಾಗುತ್ತದೆ. ಮೊದಲ 10 ಗಂಟೆಯೊಳಗೆ 10 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ ಅನ್ನುವ ಲೆಕ್ಕ ಬಂದದ್ದು ಇಂಥ ಕೆಲಸದಿಂದ. ಮುಂದೆ 1970ರ ದಶಕದಲ್ಲಿ ಮಾಂಸಕ್ಕೆ ವಿದ್ಯುತ್ ಹಾಯಿಸಿ ಸೆಟೆತವನ್ನು ಬೇಗ ಮುಗಿಸುವ ವಿಧಾನವನ್ನೂ ಅಲ್ಲೇ ಬಳಕೆಗೆ ತಂದರು. ಒಂದು ದೇಶದ ರೈತರ ಆದಾಯವನ್ನು ಲ್ಯಾಬ್‌ನಲ್ಲಿ ಕೂತವರು ಉಳಿಸಿದರು.

ಪ್ಯಾಕೆಟ್‌ನ ಕೆಂಪು ನೀರು ರಕ್ತ ತಾನೆ?

ಅಲ್ಲ. ರಕ್ತ ಕಡಿದಾಗಲೇ ಹೋಗಿರುತ್ತದೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಆ ನೀರಿನ ಜೊತೆ ಮಯೋಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಹೊರಗೆ ಬರುತ್ತದೆ. ಗಾಳಿ ತಾಗಿದರೆ ಅದು ಕೆಂಪು, ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ ನೇರಳೆ, ಇಟ್ಟು ಹಳೆಯದಾದರೆ ಕಂದು. ಜಗತ್ತಿನಲ್ಲಿ ಮೊಟ್ಟಮೊದಲು ಮೂರು ಆಯಾಮದ ರಚನೆ ಕಂಡುಹಿಡಿದ ಪ್ರೋಟೀನ್ ಇದೇ. 1958ರಲ್ಲಿ ಜಾನ್ ಕೆಂಡ್ರೂ ತಿಮಿಂಗಿಲದ ಮಾಂಸದಿಂದ ತೆಗೆದು ಮಾಡಿದರು, 1962ರಲ್ಲಿ ನೊಬೆಲ್ ಬಂತು. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಮಕ್ಕಳೂ ತಲೆ ಎತ್ತುತ್ತಾರೆ.

ಸಂಶೋಧನೆ ಅಂದರೆ ದಿನಾ ಏನು ಮಾಡುತ್ತೀರಿ?

ಬೆಳಗ್ಗೆ ಬೇಗ ಏಳುತ್ತೇವೆ. ಕಸಾಯಿಖಾನೆ ನಮಗಾಗಿ ಕಾಯುವುದಿಲ್ಲ. ಮಾಂಸ ಬಿಸಿ ಇರುವಾಗಲೇ ಪಿಎಚ್ ಮೀಟರಿನ ಮೊನೆ ಚುಚ್ಚಿ ಅಳೆಯಬೇಕು, ಮಾದರಿ ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತರಬೇಕು. ಅಲ್ಲಿ ನೀರು ಹಿಡಿಯುವ ಶಕ್ತಿ, ಬಣ್ಣ, ಕೊಬ್ಬು ಕಮಟಾದದ್ದು ಎಷ್ಟು, ಬ್ಯಾಕ್ಟೀರಿಯಾ ಎಷ್ಟು ಅಂತ ಒಂದೊಂದಾಗಿ ನೋಡುತ್ತೇವೆ. ಮೆತ್ತಗಿದೆಯಾ ಅನ್ನುವುದನ್ನು ಬಾಯಿಮಾತಿಗೆ ಬಿಡುವುದಿಲ್ಲ. ವಾರ್ನರ್–ಬ್ರಾಟ್ಸ್ಲರ್ ಅನ್ನುವ ಯಂತ್ರ ಇದೆ, ಬೆಂದ ಮಾಂಸದ ಅರ್ಧ ಇಂಚಿನ ಉರುಳೆಯನ್ನು ಅಲಗಿನಿಂದ ಕತ್ತರಿಸಲು ಎಷ್ಟು ಬಲ ಬೇಕು ಅಂತ ಅಳೆಯುತ್ತದೆ. ಸುಮಾರು ನೂರು ವರ್ಷದ ಹಿಂದಿನ ಯೋಚನೆ, ಇವತ್ತಿಗೂ ಅದೇ ಅಳತೆಗೋಲು. ಕೊನೆಗೆ ರುಚಿ ನೋಡುವ ತಂಡ. ಕೋಡ್ ಹಾಕಿದ ತಟ್ಟೆ, ನಡುವೆ ಬಾಯಿ ತೊಳೆಯಲು ಉಗುರುಬೆಚ್ಚನೆ ನೀರು, 8 ಅಂಕಗಳ ಹಾಳೆ. ಯಾರ ಮಾದರಿ ಅಂತ ತಂಡಕ್ಕೆ ಗೊತ್ತಿರಬಾರದು.

ನಮ್ಮ ದೇಶದ ವಿಭಾಗಗಳಲ್ಲಿ ಬಹಳ ಕೆಲಸ ನಡೆದದ್ದು ಮೊಟ್ಟೆ ನಿಲ್ಲಿಸಿದ ಲೇಯರ್ ಕೋಳಿಯ ಮೇಲೆ. ವಯಸ್ಸಾದ ಕೋಳಿಯಲ್ಲಿ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬಲವಾಗಿ ಹೆಣೆದುಕೊಂಡಿರುತ್ತವೆ, ಬೇಗ ಬೇಯುವುದಿಲ್ಲ, ರೈತನಿಗೆ ಬೆಲೆಯೂ ಸಿಗುವುದಿಲ್ಲ. ಅದನ್ನು ಅರೆದು ಸಾಸೇಜ್, ನಗೆಟ್ಸ್, ಪ್ಯಾಟಿ, ಉಪ್ಪಿನಕಾಯಿ ಮಾಡುವುದು ಹೇಗೆ, ರಾಗಿ ಅಥವಾ ಓಟ್ಸ್ ಸೇರಿಸಿ ನಾರಿನಂಶ ಹೆಚ್ಚಿಸುವುದು ಹೇಗೆ ಅಂತ ಎಷ್ಟೋ ಪ್ರಬಂಧಗಳಿವೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಗೆಟ್ಸ್‌ಗೆ ಇನ್ನೊಂದು ಹೊಸ ಪುಡಿ ಸೇರಿಸಿ ಇನ್ನೊಂದು ಪ್ರಬಂಧ ಬರೆಯುವ ಕಾಲ ಮುಗಿಯಬೇಕು. ನಮ್ಮ ಅಂಗಡಿ, ನಮ್ಮ ಸಂತೆ, ನಮ್ಮ ಕುರಿಯ ಮೇಲೆ ಕೆಲಸ ಆಗಬೇಕು.

ನಮ್ಮ ಕುರಿಯ ಮೇಲೆ ಅಂಥದ್ದೇನಿದೆ ಸಂಶೋಧನೆ ಮಾಡಲು?

ಬಹಳ ಇದೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು ಸುಮಾರು 1.1 ಕೋಟಿ, ಮೇಕೆಗಳು ಸುಮಾರು 62 ಲಕ್ಷ. ಬನ್ನೂರು ಕುರಿಯ ಹೆಸರು ಕೇಳದ ಮಾಂಸಪ್ರಿಯರು ಇಲ್ಲ. ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಆಕಾರದ ತೊಡೆ, ಮಾಂಸದೊಳಗೆ ಕೊಬ್ಬು. ರುಚಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಬನ್ನೂರು ಅಂತ ಬೋರ್ಡ್ ಹಾಕಿದಲ್ಲೆಲ್ಲ ಸಿಗುವುದು ಬನ್ನೂರೇ ಅಲ್ಲ. ಡಿಎನ್‌ಎ ಪರೀಕ್ಷೆಯಿಂದ ಮೇಕೆ ಯಾವುದು ಕುರಿ ಯಾವುದು ಅಂತ ಖಚಿತವಾಗಿ ಹೇಳಬಹುದು. ತಳಿಯ ಮಟ್ಟಕ್ಕೆ ಹೋಗುವುದು ಅದಕ್ಕಿಂತ ಕಷ್ಟದ ಕೆಲಸ. ಅದು ಸಾಧ್ಯವಾದರೆ ತಳಿ ಉಳಿಸಿಕೊಂಡ ರೈತನಿಗೆ ಸರಿಯಾದ ಬೆಲೆ ಕೊಡಿಸಬಹುದು.

ಸಸ್ಯಾಹಾರಿಗಳು ಈ ವಿಷಯ ಓದಬಹುದಾ? ಹುಡುಗಿಯರು?

ಓದಬಹುದು. ರುಚಿ ನೋಡುವ ತಂಡದಲ್ಲಿ ಕೂರಲು ಯಾರಿಗೂ ಒತ್ತಾಯ ಇಲ್ಲ. ಉಳಿದ ಅಳತೆಗಳಿಗೆಲ್ಲ ಯಂತ್ರ ಇದೆ. ಸಸ್ಯಾಹಾರಿ ವಿದ್ಯಾರ್ಥಿಗಳು ಪ್ರಾಣಿಹಿಂಸೆಯ ಪ್ರಶ್ನೆಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಎತ್ತುತ್ತಾರೆ, ನನಗೆ ಅದು ಬೇಕು. ಹೆಣ್ಣುಮಕ್ಕಳ ಬಗ್ಗೆ ಕೇಳುವ ತಂದೆ ತಾಯಿಗೆ ಒಂದೇ ಮಾತು, ನಮ್ಮ ಲ್ಯಾಬ್‌ಗಳಿಗೆ ಬಂದು ನೋಡಿ. ಬೆಳಗಿನ ಜಾವದ ಕಸಾಯಿಖಾನೆ ಭೇಟಿಗೆ ಕಾಲೇಜು ವಾಹನ, ಜೊತೆಗೆ ಸಿಬ್ಬಂದಿ ಇರುವಂತೆ ನೋಡಿಕೊಳ್ಳುವುದು ಮೇಷ್ಟ್ರ ಜವಾಬ್ದಾರಿ.

ಕರ್ನಾಟಕದ ಕಾಯಿದೆ ಬಂದ ಮೇಲೆ ನಿಮ್ಮ ಪಾಠ ಬದಲಾಯಿತಾ?

2020ರ ಜಾನುವಾರು ಹತ್ಯೆ ತಡೆ ಕಾಯಿದೆ ಪ್ರಕಾರ ರಾಜ್ಯದಲ್ಲಿ ಹಸು, ಕರು, ಎತ್ತು, ಗೂಳಿಗಳ ವಧೆ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರೆ. ನಮ್ಮ ಪ್ರಾಯೋಗಿಕ ಪಾಠ ಕುರಿ, ಮೇಕೆ, ಕೋಳಿ, ಹಂದಿಯ ಮೇಲೆ ನಡೆಯುತ್ತದೆ. ದೊಡ್ಡ ಪ್ರಾಣಿಯ ವಿಷಯವನ್ನು ಪಠ್ಯವಾಗಿ ಓದುತ್ತಾರೆ, ಯಾಕೆಂದರೆ ನಮ್ಮ ವಿದ್ಯಾರ್ಥಿ ನಾಳೆ ಎಮ್ಮೆ ಮಾಂಸ ರಫ್ತು ಮಾಡುವ ಬೇರೆ ರಾಜ್ಯದ ಘಟಕದಲ್ಲಿ ಕೆಲಸ ಮಾಡಬಹುದು.

ಸಾಸೇಜ್ ತಿಂದರೆ ಕ್ಯಾನ್ಸರ್ ಬರುತ್ತಾ? ಅದನ್ನೇ ಮಾಡಲು ಹೇಳಿಕೊಡುತ್ತೀರಲ್ಲ?

ಕೇಳಬೇಕಾದ ಪ್ರಶ್ನೆಯೇ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18ರಷ್ಟು ಹೆಚ್ಚುತ್ತದೆ ಎಂದಿತು. ಇದು ತಿಂದವರಲ್ಲಿ ನೂರಕ್ಕೆ 18 ಜನರಿಗೆ ಬರುತ್ತದೆ ಅಂತಲ್ಲ. ಮೊದಲೇ ಇರುವ ಅಪಾಯದ ಮೇಲೆ ಶೇ 18 ಏರಿಕೆ. ಇಂಥ ಮಾಂಸಕ್ಕೆ ನೈಟ್ರೈಟ್ ಅನ್ನುವ ಲವಣ ಹಾಕುವುದು ಬಣ್ಣಕ್ಕೆ ಮಾತ್ರ ಅಲ್ಲ, ಬಾಟುಲಿಸಂ ಅನ್ನುವ ಪ್ರಾಣಾಪಾಯದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕೂಡ. ಸುಮ್ನೆ ತೆಗೆದುಬಿಡಿ ಅನ್ನಲು ಆಗುವುದಿಲ್ಲ, ಕಡಿಮೆ ಮಾಡುವ ದಾರಿ ಹುಡುಕುವುದು ನಮ್ಮ ಕೆಲಸ. ನಾನು ವಿದ್ಯಾರ್ಥಿಗಳಿಗೆ ಎರಡೂ ಬದಿ ಹೇಳುತ್ತೇನೆ, ಕಂಪನಿಯವರು ಎದುರಿಗೆ ಕೂತಿದ್ದರೂ ಹೇಳುತ್ತೇನೆ. ವಿಶ್ವವಿದ್ಯಾಲಯದ ಸಂಬಳ ತೆಗೆದುಕೊಳ್ಳುವುದು ಅದಕ್ಕಾಗಿಯೇ.

ಲ್ಯಾಬ್‌ನಲ್ಲಿ ಬೆಳೆಸಿದ ಮಾಂಸ ಬಂದರೆ ನಿಮ್ಮ ವಿಷಯ ಮುಗಿಯಿತಾ?

2013ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಲಂಡನ್‌ನಲ್ಲಿ ಹೀಗೆ ಜೀವಕೋಶದಿಂದ ಬೆಳೆಸಿದ ಮಾಂಸದ ಮೊದಲ ಬರ್ಗರ್ ತೋರಿಸಿದರು. ಅದಕ್ಕೆ ಸುಮಾರು 2.5 ಲಕ್ಷ ಯೂರೋ ಖರ್ಚಾಗಿತ್ತು. 2020ರಲ್ಲಿ ಸಿಂಗಾಪುರ ಮಾರಾಟಕ್ಕೆ ಒಪ್ಪಿಗೆ ಕೊಟ್ಟ ಮೊದಲ ದೇಶವಾಯಿತು. ನಮ್ಮಲ್ಲೂ ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ) ಮತ್ತು ಅಲ್ಲೇ ಚೆಂಗಿಚೆರ್ಲಾದಲ್ಲಿರುವ ಐಸಿಎಆರ್‌ನ ಮಾಂಸ ಸಂಶೋಧನಾ ಕೇಂದ್ರ 2019ರಲ್ಲಿ ಜೊತೆಯಾಗಿ ಈ ಕೆಲಸ ಕೈಗೆತ್ತಿಕೊಂಡವು. ಜೀವಕೋಶ ಬೆಳೆಸುವುದು ಅರ್ಧ ಕೆಲಸ. ಅದಕ್ಕೆ ಮಾಂಸದ ಅಗಿಯುವ ಹದ, ಬಣ್ಣ, ರಸ, ವಾಸನೆ ಕೊಡಬೇಕಲ್ಲ, ಅಲ್ಲಿಗೆ ನಮ್ಮವರೇ ಬೇಕು. ಹೆದರುವ ಕಾರಣ ನನಗೆ ಕಾಣುತ್ತಿಲ್ಲ.

ಹೊರದೇಶದಲ್ಲಿ ಓದುವುದಾದರೆ?

ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ, ಕೊಲರಾಡೊ ಸ್ಟೇಟ್, ಅಯೋವಾ ಸ್ಟೇಟ್, ಕನ್ಸಾಸ್ ಸ್ಟೇಟ್ ಇವೆಲ್ಲ ಈ ವಿಷಯಕ್ಕೆ ಹೆಸರಾದ ಜಾಗಗಳು. ಟೆಕ್ಸಾಸ್ ಎ ಅಂಡ್ ಎಂನಲ್ಲಿ ಕ್ಯಾಂಪಸ್ಸಿನೊಳಗೇ ಮಾಂಸ ಘಟಕ ಇದೆ, ವಿದ್ಯಾರ್ಥಿಗಳು ಅಲ್ಲೇ ಕೈಯಾರೆ ಕಲಿಯುತ್ತಾರೆ, ಜನರಿಗೆ ಮಾರಾಟವೂ ಇದೆ. ಅಲ್ಲಿನ ಕಾಲೇಜುಗಳ ನಡುವೆ ಮಾಂಸ ತೀರ್ಪಿನ ಸ್ಪರ್ಧೆ 1926ರಿಂದ ನಡೆಯುತ್ತಿದೆ. ಇಪ್ಪತ್ತು ವರ್ಷದ ಮಕ್ಕಳು ಕೋಲ್ಡ್ ರೂಮಿನಲ್ಲಿ ನಿಂತು ಯಾವುದು ಉತ್ತಮ, ಯಾಕೆ ಅಂತ ವಾದ ಮಂಡಿಸುತ್ತಾರೆ. ನಮ್ಮ ಕಾಲೇಜುಗಳ ನಡುವೆಯೂ ಇಂಥದ್ದೊಂದು ಶುರುವಾಗಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಮಟನ್ ಅಂಗಡಿಯವರಿಗೆ ನಿಮ್ಮಿಂದ ಏನು ಉಪಯೋಗ?

ಈ ವೃತ್ತಿಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಅವರಲ್ಲಿ ಬಹಳ ಮಂದಿ ತಲೆತಲಾಂತರದಿಂದ ಈ ಕೆಲಸ ಮಾಡಿದವರು. ಕೀಲು ಎಲ್ಲಿದೆ, ಕತ್ತಿ ಎಲ್ಲಿ ಹೋಗಬೇಕು ಅನ್ನುವುದರಲ್ಲಿ ನನಗಿಂತ ಅವರ ಕೈ ಚೆನ್ನಾಗಿದೆ, ನನ್ನ ವಿದ್ಯಾರ್ಥಿಗಳಿಗೆ ಅವರಿಂದಲೇ ಪಾಠ ಹೇಳಿಸುತ್ತೇನೆ. ನಾನು ಕೊಡುವುದು ಸಣ್ಣ ಸಣ್ಣ ವಿಷಯ. ಚರ್ಮ ಸುಲಿದ ಕೈಯಲ್ಲೇ ಮಾಂಸ ಮುಟ್ಟಬೇಡಿ. ಕರುಳು ತೆಗೆಯುವ ಚಾಕು ಬೇರೆ ಇರಲಿ. ಚಾಕುವನ್ನು ಆಗಾಗ 82 ಡಿಗ್ರಿ ಬಿಸಿ ನೀರಿನಲ್ಲಿ ಅದ್ದಿ. ಕೊಯ್ಯುವ ಮರದ ದಿಮ್ಮಿಯನ್ನು ರಾತ್ರಿ ಕೆರೆದು, ಉಪ್ಪು ಹಾಕಿ ಉಜ್ಜಿ, ಒಣಗಿಸಿ. ಬೋಟಿ ತೊಳೆದ ನೀರು ಮಾಂಸದ ಕಡೆ ಹರಿಯದಿರಲಿ. ಒಂದು ಗಾಜಿನ ಕಪಾಟು, ಒಂದು ಸಣ್ಣ ಚಿಲ್ಲರ್ ಹಾಕಿಸಿಕೊಳ್ಳಿ.

ಇಷ್ಟಕ್ಕೇ ಬ್ಯಾಕ್ಟೀರಿಯಾ ಲೆಕ್ಕ ಹೇಗೆ ಬೀಳುತ್ತದೆ ಅಂತ ಅವರ ಅಂಗಡಿಯ ಮಾದರಿಯನ್ನೇ ಪ್ಲೇಟಿನಲ್ಲಿ ಬೆಳೆಸಿ ಅವರಿಗೇ ತೋರಿಸುತ್ತೇವೆ. ಮೊದಲಿನ ಪ್ಲೇಟಿನಲ್ಲಿ ಎಣಿಸಲಾಗದಷ್ಟು ಚುಕ್ಕೆ, ಆಮೇಲಿನದರಲ್ಲಿ ಬೆರಳೆಣಿಕೆ. ಭಾಷಣಕ್ಕಿಂತ ಅದು ಬೇಗ ಮುಟ್ಟುತ್ತದೆ. ಬಡವರು ಕೊಳ್ಳುವ ತಲೆ, ಕಾಲು, ಬೋಟಿ ಕೂಡ ಮಾಲ್‌ನ ಮಾಂಸದಷ್ಟೇ ಶುದ್ಧವಾಗಿರಬೇಕು. ಅದಕ್ಕೆ ನಾವು ಹೋಗಬೇಕಾದದ್ದು ಈ ಅಂಗಡಿಗಳಿಗೇ.

ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ. ವಿಷಯ ಹೇಳಿ ಸರ್.

ನಾನಾಗಿದ್ದರೆ ಇವುಗಳಲ್ಲಿ ಒಂದನ್ನು ಹಿಡಿಯುತ್ತಿದ್ದೆ. ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಗೆ ಒಣಗಿಸುವ ಹಂದಿ ಮಾಂಸ, ನಮ್ಮ ಬಯಲಿನ ಉಪ್ಪುಕಂಡ, ಇವು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಹೇಗೆ ಉಳಿಯುತ್ತವೆ, ಅದರಲ್ಲಿ ನೀರಿನ ಚಟುವಟಿಕೆ, ಅಂದರೆ ಸೂಕ್ಷ್ಮಜೀವಿಗಳ ಕೈಗೆ ಸಿಗುವ ನೀರು, ಎಷ್ಟಕ್ಕೆ ಇಳಿಯುತ್ತದೆ, ಹೊಗೆಯ ಕೆಟ್ಟ ಅಂಶ ಎಷ್ಟು ಸೇರುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿ ಬೇಗ ಕೆಡದಿರುವುದಕ್ಕೆ ಆ ಹುಳಿ ಎಷ್ಟು ಕಾರಣ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಲಾರಿಯಲ್ಲಿ ಬಂದ ಬ್ರಾಯ್ಲರ್ ಕೋಳಿಯ ಎದೆ ಮಾಂಸ ಯಾಕೆ ಬಿಳಿಚಿಕೊಂಡು ನೀರು ಬಿಡುತ್ತದೆ. ಸಂತೆಯಿಂದ ಸಂತೆಗೆ ನಡೆದು ಬಂದ ಕೆಂಗುರಿ ತಳಿಯ ಕುರಿಗೂ, ಒಂದು ದಿನ ನೀರು ಮೇವು ಕೊಟ್ಟು ಮಲಗಿಸಿದ ಕುರಿಗೂ ಮಾಂಸದ ಪಿಎಚ್‌ನಲ್ಲಿ ವ್ಯತ್ಯಾಸ ಎಷ್ಟು.

ವಿಷಯ ಆರಿಸುವ ಮೊದಲು ನಿಮ್ಮೂರಿನ ಸಂತೆಗೆ ಮತ್ತು ಒಂದು ಮಟನ್ ಅಂಗಡಿಗೆ ಬೆಳಗ್ಗೆ ಬೇಗ ಹೋಗಿ, ಅಂಗಡಿ ಮುಚ್ಚುವ ತನಕ ಇದ್ದು, ಕಂಡದ್ದನ್ನೆಲ್ಲ ಬರೆದುಕೊಳ್ಳಿ. ಆ ನೋಟ್‌ಬುಕ್ ತೆಗೆದುಕೊಂಡು ಮಾರ್ಗದರ್ಶಕರ ಹತ್ತಿರ ಹೋಗಿ ಮಾತಾಡಿ.